ರೊಪ್ಪದ ಆಚೆ ಕಟ್ಟಿದ ಟಗರು

*ಇಂದಿನ ಧಮ್ಮ ಚಿಂತನೆ*



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಬಳಗದಲ್ಲಿ ಕುರಿ ಸಾಕುವವರು ಬಹಳ ಮಂದಿ ಇದ್ದೀರಿ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ರೊಪ್ಪದಲ್ಲಿರುವ ನಾಲ್ಕು ಕುರಿಗಳೇ ನಮ್ಮ ಬ್ಯಾಂಕು. ಅದಕ್ಕೇ ಇವತ್ತು ಕುರಿ ಕಜ್ಜಿಯ ವಿಷಯ ಬರೆಯುತ್ತಿದ್ದೇನೆ. ಕಜ್ಜಿಗೂ ಧಮ್ಮಕ್ಕೂ ಏನು ಸಂಬಂಧ ಅನ್ನಬೇಡಿ, ಪೂರ್ತಿ ಓದಿ.

ಹೋದ ವರ್ಷ ಊರಲ್ಲಿರುವ ನನ್ನ ತಮ್ಮ ಸಂತೆಯಿಂದ ಒಂದು ಟಗರು ತಂದ. ನೋಡಲು ಚೆನ್ನಾಗಿಯೇ ಇತ್ತು, ಮೈಗೆಲ್ಲ ಎಣ್ಣೆ ಹಚ್ಚಿದ್ದರು. ವಾರ ಕಳೆಯುವುದರೊಳಗೆ ಅದು ಕಂಬಕ್ಕೆ ಮೈ ಉಜ್ಜತೊಡಗಿತು. ತುಪ್ಪಟ ಉದುರಿ ಚರ್ಮ ಹಕ್ಕಳೆಗಟ್ಟಿತು. ಆಮೇಲೆ ಇನ್ನೂ ಮೂರು ಕುರಿಗೆ ಹಬ್ಬಿತು. ಪಶು ವೈದ್ಯರು ಬಂದು ನೋಡಿ, "ಇದು ನುಸಿಯಿಂದ ಬರುವ ಕಜ್ಜಿ. ಇವನ್ನು ಇವತ್ತೇ ಬೇರೆ ಕಟ್ಟಿ" ಅಂದರು. ತೆಂಗಿನ ನುಸಿ ನಮ್ಮ ಜಿಲ್ಲೆಯವರಿಗೆ ಗೊತ್ತು. ಇದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಇನ್ನೊಂದು ಜಾತಿಯ ನುಸಿ. ಮೈಗೆ ಮೈ ತಾಗಿದರೆ ಹರಡುತ್ತದೆ. ಕುರಿಯ ಮೈ ಬಿಟ್ಟು ಹಗ್ಗ, ಕಂಬ, ಹಾಸಿನಲ್ಲೂ ಕೆಲವು ದಿನ ಬದುಕುತ್ತದೆ.

ಅವ್ವ ಮನೆ ಹಿಂದೆ ಹೊಂಗೆ ಮರದಡಿ ಆ ಟಗರನ್ನು ಕಟ್ಟಿದಳು. ಕಟ್ಟಿ ಬಂದವಳು ಅವತ್ತು ಊಟ ಮಾಡಲಿಲ್ಲ. ಕೇಳಿದ್ದಕ್ಕೆ, "ದೂರ ಕಟ್ಟು, ಮುಟ್ಟಬೇಡ, ಅದರ ನೀರಿನ ಬಾನಿ ಬೇರೆ ಇಡು ಅಂತಾರಲ್ಲಪ್ಪಾ, ಈ ಮಾತೆಲ್ಲ ನಾನು ಕೇಳಿದ್ದೇ" ಅಂದಳು. ಅವಳು ಚಿಕ್ಕವಳಿದ್ದಾಗ ಹೋಟೆಲಿನ ಹೊರಗೆ ನಮ್ಮವರಿಗೆ ಬೇರೆ ಲೋಟ ಇರುತ್ತಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಉತ್ತರ ಹೇಳಿಕೊಟ್ಟದ್ದು ಅವಳೇ ಮಾಡುತ್ತಿದ್ದ ಕೆಲಸ. ದಿನಾ ಮೊದಲು ಚೆನ್ನಾಗಿರುವ ಕುರಿಗಳಿಗೆ ಮೇವು ಹಾಕಿ, ಕೊನೆಗೆ ಟಗರಿನ ಹತ್ತಿರ ಹೋಗಿ, ಸೊಪ್ಪು ಕೊಟ್ಟು, ಗಾಯ ನೋಡಿ, ಕೈಕಾಲು ತೊಳೆದುಕೊಂಡು ಬರುತ್ತಿದ್ದಳು. ಬೇರೆ ಕಟ್ಟಿದ್ದರಿಂದ ಅದಕ್ಕೆ ಆರೈಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಈ ದೂರಕ್ಕೆ ಪರೀಕ್ಷಿಸಿ ನೋಡಬಹುದಾದ ಕಾರಣವಿದೆ. ಇದಕ್ಕೆ ಗಡುವಿದೆ, ರೋಗ ಹೋದ ದಿನ ದೂರವೂ ಹೋಗುತ್ತದೆ. ಅಸ್ಪೃಶ್ಯತೆಗೆ ಕಾರಣವೂ ಇಲ್ಲ, ಗಡುವೂ ಇಲ್ಲ, ಆರೈಕೆಯಂತೂ ಇಲ್ಲವೇ ಇಲ್ಲ. ಹೊಟ್ಟೆಯ ರೋಗದಿಂದ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಭಿಕ್ಖುವನ್ನು ಯಾರೂ ನೋಡದಿದ್ದಾಗ, ಭಗವಾನ್ ಬುದ್ಧರು ಆನಂದನ ಜೊತೆ ನಿಂತು ತಾವೇ ಅವನ ಮೈ ತೊಳೆದರು. ರೋಗಿಯನ್ನು ಆರೈಕೆ ಮಾಡುವುದೇ ನನ್ನನ್ನು ಆರೈಕೆ ಮಾಡಿದಂತೆ ಎಂಬ ಅರ್ಥದ ಮಾತನ್ನು ಸಂಘಕ್ಕೆ ಹೇಳಿದರು.

ಅವ್ವ ಇನ್ನೊಂದು ಪ್ರಶ್ನೆ ಹಾಕಿದಳು: "ದಿನಾ ಪಂಚಶೀಲ ಹೇಳ್ತೀಯ, ಆ ನುಸಿಗೂ ಜೀವ ಇಲ್ವಾ?" ನಿಜ, ಐವರ್ಮೆಕ್ಟಿನ್ ಸೂಜಿ ಕೊಡುವುದೇ ನುಸಿ ಸಾಯಲಿ ಅಂತ. ಮೊಟ್ಟೆಗಳು ಅದಕ್ಕೆ ಸಾಯುವುದಿಲ್ಲ, ಹಾಗಾಗಿ ಎರಡು ವಾರದ ಹೊತ್ತಿಗೆ ಇನ್ನೊಂದು ಸಲ ಕೊಡಬೇಕು. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ವಿಂಗಡಿಸಿದ್ದಾರೆ. ನಮ್ಮದು ಅಗತ್ಯ ಅಂತ ಅವ್ವನಿಗೆ ಹೇಳಿದೆ. ಅವಳು ಒಪ್ಪಿದಳು.

ಆದರೆ ಅಗತ್ಯ ಅನ್ನುವ ಮಾತು ಬಹಳ ಸುಲಭವಾಗಿ ಹಿಗ್ಗುತ್ತದೆ. ಮೊದಲ ಸೂಜಿಯಾದ ನಾಲ್ಕೇ ದಿನಕ್ಕೆ ತಮ್ಮ ಫೋನ್ ಮಾಡಿದ. "ಅಣ್ಣಾ, ಮಗನ ಕಾಲೇಜು ಫೀಸು ಕಟ್ಟಬೇಕು. ತುಪ್ಪಟ ಕತ್ತರಿಸಿ, ಎಣ್ಣೆ ಹಚ್ಚಿ ಅಕ್ಕಿರಾಂಪುರದ ಸಂತೆಗೆ ಹೊಡ್ಕೊಂಡೋದ್ರೆ ಯಾರಿಗೂ ಗೊತ್ತಾಗಲ್ಲ. ನಮಗೂ ಯಾರೋ ಹಂಗೇ ತಾನೇ ಮಾರಿದ್ದು? ನನಗೂ ಅಗತ್ಯ ಐತೆ."

ಬಂಧುಗಳೇ, ನಾನು ಆಗ ಬೇಡ ಅನ್ನಲಿಲ್ಲ. "ನೋಡೋಣ" ಅಂದು ಫೋನ್ ಇಟ್ಟೆ. ಭಾನುವಾರ ನಿಮ್ಮ ಜೊತೆ ಕೂತು 22 ಪ್ರತಿಜ್ಞೆ ಓದಿದವನು ನಾನು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಆ ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಿಗೆ ಕರುಣೆ ತೋರುತ್ತೇನೆ, ಸುಳ್ಳು ಹೇಳುವುದಿಲ್ಲ ಎಂಬ ಎರಡೂ ಇವೆ. ಸಂತೆಯಲ್ಲಿ ಬಾಯಿ ಬಿಟ್ಟು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ಆ ಮೌನ ಇನ್ನೊಬ್ಬ ಬಡವನ ರೊಪ್ಪಕ್ಕೆ ಕಜ್ಜಿ ಕಳಿಸುತ್ತಿತ್ತು. ಟಗರು ಕಟುಕರ ಪಾಲಾಗಿದ್ದರೆ ಔಷಧದ ಅಂಶ ತಿಂದವರ ಹೊಟ್ಟೆಗೂ ಹೋಗುತ್ತಿತ್ತು. ಫೀಸು ಕಟ್ಟುವುದು ಅಗತ್ಯ, ಮೋಸ ಮಾಡುವುದು ಅಗತ್ಯವಲ್ಲ. ತಮ್ಮನಿಗೆ ಮೋಸ ಬಿಟ್ಟು ಬೇರೆ ದಾರಿ ಇರಲಿಲ್ಲ ಅನ್ನುವುದಾದರೆ ಆ ದಾರಿ ಮಾಡಿಕೊಡಬೇಕಾದವನು ಯಾರು? ತಿಂಗಳ ಒಂದನೇ ತಾರೀಖು ಸಂಬಳ ಎಣಿಸುವ ನಾನು.

ಮೂರು ದಿನ ತಡವಾಗಿ ಫೀಸಿನ ಹಣ ಕಳಿಸಿದೆ. ಎರಡನೇ ಸೂಜಿ ಎಲ್ಲ ಕುರಿಗೂ ಆಯಿತು. ಹಳೇ ಹಾಸು ಸುಟ್ಟು, ಕಂಬಗಳಿಗೆ ಸುಣ್ಣ ಬಳಿದರು. ಬಡವಾಗಿದ್ದ ಒಂದು ಕುರಿ ಉಳಿಯಲಿಲ್ಲ. ಟಗರು ಉಳಿಯಿತು. ವೈದ್ಯರು ಹೇಳಿದಷ್ಟು ದಿನ ಕಳೆದ ಮೇಲೆ ತಮ್ಮ ಅದನ್ನು ಮಾರಿದ. ಕೊಳ್ಳುವವನಿಗೆ "ಕಜ್ಜಿ ಬಂದಿತ್ತು, ಎರಡು ಸೂಜಿ ಆಗೈತೆ" ಅಂತ ಹೇಳಿಯೇ ಮಾರಿದ. ಆತ ಐನೂರು ರೂಪಾಯಿ ಕಡಿಮೆ ಕೊಟ್ಟ. ತಮ್ಮ ಇವತ್ತಿಗೂ ಆ ಐನೂರನ್ನು ನನಗೆ ನೆನಪಿಸುತ್ತಾನೆ.

ನೆನಪಿಸಲಿ. ಸತ್ಯಕ್ಕೆ ಬೆಲೆ ಇದೆ, ಅದನ್ನು ಯಾವಾಗಲೂ ಇಲ್ಲದವನೇ ತೆರಬೇಕು ಅನ್ನುವುದು ಧಮ್ಮವಲ್ಲ. ಶೀಲ ಬೋಧಿಸುವವರು ಅದರ ಖರ್ಚಿನಲ್ಲೂ ಪಾಲು ಹಾಕಬೇಕು.

ಇವತ್ತು ಮಲಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾನು ದೂರ ಇಟ್ಟವರಿಗೆ ಕಾರಣ, ಗಡುವು, ಆರೈಕೆ ಈ ಮೂರೂ ಇವೆಯೇ?

ಭವತು ಸಬ್ಬ ಮಂಗಲಂ. ಜೈ ಭೀಮ್.