ನೆಳ್ಳಿಗೆ ಬಾ

ಬಿಸಿಲ ಸೀಮೆಯ ಮಂದಿ ಮನೆಗೆ ಬಂದವರಿಗೆ ಮೊದಲು ಹೇಳುವ ಮಾತು, ‘ಬರ್ರಿ, ನೆಳ್ಳಿಗೆ ಕುಂದರ್ರಿ.’ ಆಮೇಲೆ ನೀರು, ಬೆಲ್ಲ. ಬೆಳಗಾವಿ ಜಿಲ್ಲೆಯ ಕಲ್ಲೋಳಿಯಲ್ಲಿ ಕ್ಯಾಮೆರಾ ಹಿಡಿದು ನಾನು ಕಲಿತ ಮೊದಲ ಪಾಠವೂ ಇದೇ. ಯಾರ ಮಾರಿಯ ಫೋಟೋ ತೆಗೆಯಬೇಕೋ ಅವರನ್ನು ಮೊದಲು ನೆಳ್ಳಿಗೆ ಕರೆ.

*

ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲಿಗೆ ಮುಖ ಓದುವಷ್ಟು ತಾಳ್ಮೆಯಿಲ್ಲ. ಹುಬ್ಬಿನ ಕೆಳಗೆ ಎರಡು ಕಪ್ಪು ಗುಂಡಿ ತೋಡಿ, ಮೂಗಿನಡಿ ಒಂದು ಗೀಟು ಎಳೆದು ಹೋಗಿಬಿಡುತ್ತದೆ. ಅದೇ ಮನುಷ್ಯ ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ ನಿಂತರೆ ಕಣ್ಣು ಮರಳಿ ಬರುತ್ತವೆ.

*

ಶ್ರಾವಣದ ಮೋಡ ಎಲ್ಲರಿಗೂ ಸಮನಾಗಿ ಬೆಳಕು ಹಂಚುತ್ತದೆ. ಮಕ್ಕಳ ಮುಖಕ್ಕೆ ಅದು ಸಾಕು. ಎಪ್ಪತ್ತು ದಾಟಿದವರಿಗೆ ಸಾಲದು.

*

ಕಲ್ಲೋಳಿಯಲ್ಲಿ 1204ರ ಒಂದು ಶಾಸನವಿದೆ. ರಟ್ಟ ವಂಶದ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಶಾಂತಿನಾಥನ ಬಸದಿಯ ಮಾತು ಹೇಳುವಂಥದು. ಸವೆದ ಶಾಸನದ ಎದುರಿಗೆ ದೀಪ ಹಿಡಿದರೆ ಅಕ್ಷರವೇ ಇಲ್ಲದ ಬರೀ ಕಲ್ಲು ಕಾಣುತ್ತದೆ. ದೀಪವನ್ನು ಪಕ್ಕಕ್ಕೆ ಒಯ್ದು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿ. ಪ್ರತಿ ಉಳಿಪೆಟ್ಟಿನೊಳಗೂ ಒಂದೊಂದು ಗುಟುಕು ನೆರಳು ತುಂಬಿ, ಎಂಟುನೂರು ವರ್ಷದ ಹಿಂದಿನ ಸಾಲು ಎದ್ದು ಬರುತ್ತದೆ. ಶಾಸನ ಓದುವವರು ಓದುವುದು ಈ ನೆರಳನ್ನೇ. ಮುದುಕರ ಹಣೆಯ ಎದುರು ಕೂತಾಗ ನನಗೆ ನೆನಪಾಗುವುದು ಆ ಕಲ್ಲು. ಎದುರಿನಿಂದ ಫ್ಲಾಶ್ ಹೊಡೆದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ.

*

‘ಅಲ್ಲಪಾ, ನನ್ನ ಅರ್ಧಾ ಮಾರಿ ಎಲ್ಲಿ ಹೋತು?’ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಕೇಳುವ ಹಕ್ಕು ಅವರಿಗಿದೆ. ಒಂದು ಕಡೆ ಪೂರ್ತಿ ಕಪ್ಪಾಗಿ ಬಿದ್ದರೆ ಅದು ಫೋಟೋಗ್ರಾಫರನ ಸೋಮಾರಿತನ. ಈಗ ನಾನು ಕತ್ತಲ ಕಡೆಗೆ ಅವರ ಮನೆಯದೇ ಒಂದು ಒಗೆದ ಧೋತರ ಹರಡುತ್ತೇನೆ. ಬಾಗಿಲಿನಿಂದ ಬಂದ ಬೆಳಕು ಧೋತರಕ್ಕೆ ತಾಗಿ ಮೆಲ್ಲಗೆ ಹಿಂದಿರುಗಿ, ಆ ಕಡೆಯ ಕಣ್ಣಲ್ಲಿ ಒಂದು ಜೋಳದ ಕಾಳಿನಷ್ಟು ಹೊಳೆಯುತ್ತದೆ. ಅಷ್ಟಾದರೆ ಅರ್ಧ ಮಾರಿ ಎಲ್ಲಿಗೂ ಹೋಗಿಲ್ಲ, ಒಳಗೇ ಕೂತಿದೆ ಎಂದು ಗೊತ್ತಾಗುತ್ತದೆ.

*

ರೆಂಬ್ರಾಂಟ್ ಎಂಬ ಡಚ್ ಚಿತ್ರಕಾರನ ಹೆಸರಿನಲ್ಲಿ ಒಂದು ಬೆಳಕಿದೆ: ಮೂಗಿನ ನೆರಳು ಇಳಿದು ಕೆನ್ನೆಯ ನೆರಳನ್ನು ಕೂಡುವಲ್ಲಿ, ದೂರದ ಕಣ್ಣಿನ ಕೆಳಗೆ ಒಂದು ಸಣ್ಣ ಬೆಳಕಿನ ತ್ರಿಕೋನ ಉಳಿಯುತ್ತದೆ. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿಯ ಕೆಳಗೆ ತುಸು ಓರೆಯಾಗಿ ಕೂತ ಅಜ್ಜಿಯ ಕೆನ್ನೆಯ ಮೇಲೂ ನಾನು ಅದನ್ನು ಕಂಡಿದ್ದೇನೆ, ಅವಳು ಅಕ್ಕಿ ಆರಿಸುತ್ತಿದ್ದಳು.

*

ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕಂಬವನ್ನು ಯಾರು ನೋಡಿಲ್ಲ? ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಅಂಥದೊಂದು ಕಂಬ ನಿಲ್ಲಿಸಿದರು. ದೊಡ್ಡ ಕನ್ನಡಿಗಳೆರಡನ್ನು ಇಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿಕೊಂಡರು. ಸುತ್ತ ಅಷ್ಟು ಕತ್ತಲೆ ಬಿಡದಿದ್ದರೆ ಆ ಬೆಳಕು ಕಾಣುತ್ತಲೇ ಇರಲಿಲ್ಲ. ಅವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ ನಾನು ಮನೆಯ ಕಪಾಟಿನ ಕನ್ನಡಿ ಬಿಚ್ಚಿ ಅಂಗಳಕ್ಕೆ ತಂದೆ. ಇಂದಿಗೂ ನನ್ನಲ್ಲಿರುವ ದೊಡ್ಡ ಲೈಟು ಅದೊಂದೇ.

*

ಕ್ಯಾಮೆರಾದ ಮೀಟರಿಗೆ ಜಗತ್ತೆಲ್ಲ ಒಂದೇ ಬೂದು. ಬಿಳಿ ರುಮಾಲು ನೋಡಿದರೆ ‘ಬೆಳಕು ಹೆಚ್ಚಾಯಿತು’ ಎಂದು ಮುಖವನ್ನು ಕತ್ತಲಿಗೆ ನೂಕುತ್ತದೆ. ಕರಿ ಕಂಬಳಿ ನೋಡಿದರೆ ‘ಸಾಲದು’ ಎಂದು ಮುಖವನ್ನು ಸುಣ್ಣ ಮಾಡುತ್ತದೆ. ರುಮಾಲು, ಕಂಬಳಿ ಎರಡನ್ನೂ ತೊಟ್ಟ ಕುರುಬರ ಹಿರಿಯರ ಮುಂದೆ ಅದಕ್ಕೆ ದಿಕ್ಕೇ ತೋಚುವುದಿಲ್ಲ. ಆಗ ನಾನು ಅವರಿರುವ ಬೆಳಕಿನಲ್ಲೇ ನನ್ನ ಅಂಗೈ ಚಾಚಿ ಅಳೆಯುತ್ತೇನೆ, ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಎರಡರಷ್ಟು ಬೆಳಕು ಕೊಡುತ್ತೇನೆ. ಮೈಬಣ್ಣ ಯಾವುದಾದರೇನು, ಅಂಗೈ ಎಲ್ಲರದೂ ಹೆಚ್ಚುಕಡಿಮೆ ಒಂದೇ.

*

ಹಣೆಯ ವಿಭೂತಿಯಲ್ಲಿ ಬೆರಳಿನ ಗೆರೆ ಉಳಿದಿದ್ದರೆ ಬಿಳುಪು ಸರಿಯಾಗಿದೆ. ಕಂಬಳಿಯಲ್ಲಿ ಎಳೆ ಉಳಿದಿದ್ದರೆ ಕಪ್ಪು ಸರಿಯಾಗಿದೆ. ಇವೆರಡರ ನಡುವೆ ಇಡೀ ಮನುಷ್ಯ.

*

ಕಪ್ಪು-ಬಿಳುಪಿನಲ್ಲಿ ತೆಗೆಯುವಾಗ ಕುಂಕುಮದ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಆರ್ಥೋಕ್ರೋಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಆದ್ದರಿಂದ ಕುಂಕುಮ ಕಾಡಿಗೆಯಂತೆ ಕಪ್ಪಾಗಿ ಬೀಳುತ್ತಿತ್ತು. ಮುಂದೆ ಬಂದ ಪ್ಯಾಂಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪೂ ಕಾಣುತ್ತದೆ, ಆದರೆ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ಕೆಂಪೆಲ್ಲ ತಿಳಿಯಾಗಿ ಚರ್ಮದ ಬಣ್ಣದಲ್ಲಿ ಕರಗುತ್ತದೆ. ಚರ್ಮದ ಕಲೆ ಮಾಯವಾಗಲಿ ಎಂದು ಒಮ್ಮೆ ಹಾಗೆ ಮಾಡಿದ್ದೆ. ಪ್ರಿಂಟ್ ನೋಡಿದ ಹೆಣ್ಣುಮಗಳು ಏನೂ ಹೇಳದೆ ಹಣೆ ಮುಟ್ಟಿಕೊಂಡಳು. ಗಂಡ ಪಕ್ಕದಲ್ಲೇ ನಿಂತಿದ್ದ. ಹಸಿರು ಫಿಲ್ಟರ್ ಹಾಕಿ ಮತ್ತೆ ತೆಗೆದುಕೊಟ್ಟೆ, ಕುಂಕುಮ ಗಾಢವಾಗಿ ಬಂತು. ಆದರೂ ಆ ಕೈ ಹಣೆಗೆ ಹೋದದ್ದನ್ನು ಮರೆತಿಲ್ಲ. ಬಣ್ಣ ತೆಗೆದುಹಾಕುವ ಅಧಿಕಾರ ಪಡೆದವನು ಪ್ರತಿಯೊಂದು ಬಣ್ಣಕ್ಕೂ ಉತ್ತರ ಕೊಡಬೇಕು.

*

ಗೋಕಾಕದಲ್ಲಿ ಮರದಿಂದ ಮಾಡಿದ ಬಣ್ಣದ ಆಟಿಕೆ ಹಣ್ಣುಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ನೋಡು. ಹಳದಿ ಹೋಯಿತು, ಕೆಂಪು ಹೋಯಿತು. ಮಾವು ಮಾವಾಗಿ ಉಳಿಯುವುದು ಅದರ ಹೊಟ್ಟೆಯ ಕೆಳಗೆ ತಿರುಗಿದ ನೆರಳಿನಿಂದ.

*

ನನ್ನವ್ವನ ಮದುವೆ ಕಾಲದ ಫೋಟೋ ಒಂದಿದೆ. ತೆಗೆದವರು ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿದ್ದಾರೆ. ನೆಗೆಟಿವಿನಲ್ಲಿ ಪೆನ್ಸಿಲ್ ತುಂಬಿದ ಜಾಗ ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ಹಾಗಾಗಿ ಅವ್ವ ಬೆಳ್ಳಗಾಗಿದ್ದಾಳೆ, ಗದ್ದದ ಮೇಲಿನ ಹಚ್ಚಿಬೊಟ್ಟು ಹೋಗಿದೆ. ಅವಳು ಎಂದೂ ಅದನ್ನು ಗೋಡೆಗೆ ಹಾಕಗೊಡಲಿಲ್ಲ. ‘ಚಂದ ಐತಿ. ಆದ್ರ ಅಕಿ ಯಾರೋ’ ಎನ್ನುತ್ತಿದ್ದಳು. ನಾನು ಕಾಂಟ್ರಾಸ್ಟ್ ಹೆಚ್ಚಿಸಲು ಕೈ ಹಾಕಿದಾಗಲೆಲ್ಲ ಈ ಮಾತು ಅಡ್ಡ ಬರುತ್ತದೆ.

*

ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆ್ಯಡಮ್ಸ್, ಫ್ರೆಡ್ ಆರ್ಚರ್ ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಕಟ್ಟಿ ಅದಕ್ಕೆ ಜೋನ್ ಸಿಸ್ಟಮ್ ಎಂದು ಹೆಸರಿಟ್ಟರು. ಬಿಳಿಯರ ಚರ್ಮಕ್ಕೆ ಅದರಲ್ಲಿ ಆರನೆಯ ಜೋನ್. ಎಷ್ಟೋ ಮಂದಿ ನಮ್ಮವರನ್ನೂ ಅದೇ ಮೆಟ್ಟಿಲಿಗೆ ಎತ್ತಿ ಕೂರಿಸುತ್ತಾರೆ. ಐದರಲ್ಲಿ ಇರುವವರು ಐದರಲ್ಲಿರಲಿ, ನಾಲ್ಕರವರು ನಾಲ್ಕರಲ್ಲಿ. ಕರಿ ಮುಖದ ಮೇಲೆ ಬೆಳಕು ಜಾರುವ ಪರಿ, ಎಣ್ಣೆ ಹಚ್ಚಿದ ನೊಗದ ಹಾಗೆ ಹೊಳೆಯುವ ಆ ಕೆನ್ನೆಯೆಲುಬು ಬೆಳ್ಳಗೆ ಮಾಡಿದ ಮುಖದಲ್ಲಿ ಇರುವುದಿಲ್ಲ.

*

‘ಮುಖ ಕಪ್ಪಿಟ್ಟಿತು’ ಎಂದರೆ ನಮ್ಮ ಭಾಷೆಯಲ್ಲಿ ಅವಮಾನ. ‘ನೆರಳಾಗಿ ನಿಂತ’ ಎಂದರೆ ಆಸರೆ. ಎರಡನೆಯ ಮಾತು ಹುಟ್ಟಿಸಿದವನು ಹೊಲದಲ್ಲಿ ದುಡಿದವನೇ ಇರಬೇಕು.

*

ಬೆಲ್ಲದ ಗಾಣದಲ್ಲಿ ಒಲೆಯ ಬೆಳಕು ಕೆಳಗಿನಿಂದ ಬರುತ್ತದೆ. ಕೆಳಗಿನ ಬೆಳಕು ಮುಖವನ್ನು ದೆವ್ವ ಮಾಡುತ್ತದೆ ಎಂದು ಪುಸ್ತಕಗಳು ಎಚ್ಚರಿಸುತ್ತವೆ. ಕೊಪ್ಪರಿಗೆಯ ಹಬೆ ನಡುವೆ ಹಾಯುವಾಗ ಹಾಗಾಗುವುದಿಲ್ಲ, ಅಲ್ಲಿ ಕಾಣುವುದು ಶಾಖ.

*

ಕನ್ನಡದ ಲೇಖಕರ ಮುಖಗಳನ್ನು ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ನೋಡಿದಾಗ, ಓದಿದ ಸಾಲುಗಳಿಗೆ ಒಂದು ಹಣೆ, ಒಂದು ಕಣ್ಣು ಸಿಕ್ಕಿತು. ಕವಿಗೆ ಸಿಕ್ಕ ಆ ನೆರಳು ಕಬ್ಬು ಕಡಿಯುವವನಿಗೂ ಸಿಗಬೇಕು ಎಂಬುದು ನನ್ನ ಹಟ.

*

ಡಾರ್ಕ್‌ರೂಮಿನ ಕೆಂಪು ದೀಪದಡಿ, ಡೆವಲಪರ್ ತಟ್ಟೆಯಲ್ಲಿ ತೇಲುವ ಕಾಗದದ ಮೇಲೆ ಮೊದಲು ಮೂಡುವುದು ನೆರಳು: ಕಣ್ಣಾಲಿ, ಮೂಗಿನ ಹೊಳ್ಳೆ, ಮೀಸೆಯ ಬುಡ. ಬೆಳಕು ಬಿದ್ದ ಕೆನ್ನೆ ಕಡೆಗೆ ಬರುತ್ತದೆ, ಕರೆದರೂ ನಾಚಿ ನಿಂತ ಮದುಮಗಳ ಹಾಗೆ.

*

ನಮ್ಮ ಕಡೆ ಹೆಚ್ಚಿನವರ ಕೊನೆಯ ಫೋಟೋ ಯಾವುದೋ ಗುರುತಿನ ಕಾರ್ಡಿನದು. ತೀರಿಕೊಂಡ ಮೇಲೆ ಅದನ್ನೇ ಹಿಗ್ಗಿಸಿ, ಚೌಕಟ್ಟು ಹಾಕಿ, ಹಾರ ಹಾಕುತ್ತಾರೆ. ಎದುರು ಬೆಳಕು, ಅಂಜಿದ ಕಣ್ಣು. ನಲವತ್ತು ವರ್ಷ ನೇಗಿಲು ಹಿಡಿದವನ ಗುರುತು ಅದರಲ್ಲಿ ಎಲ್ಲಿಂದ ಬರಬೇಕು?

*

ಹೋದ ಸುಗ್ಗಿಯಲ್ಲಿ ಒಬ್ಬ ಹಿರಿಯರು ಬಂದರು. ಹೊಸ ರುಮಾಲು, ಕೈಯಲ್ಲಿ ಬಡಿಗೆ. ‘ಗ್ವಾಡಿಗಿ ಹಾಕೂದಕ್ಕ ಒಂದ ಬೇಕಾಗೇತಿ’ ಎಂದರು. ಪಡಸಾಲೆಯಲ್ಲಿ ಬಾಗಿಲಿಗೆ ಓರೆಯಾಗಿ ಕೂರಿಸಿದೆ. ರುಮಾಲಿನ ನೆರಳು ಹುಬ್ಬಿನ ತನಕ ಇಳಿಯಿತು. ಧೋತರ ಹರಡಲು ಎದ್ದಾಗ ಅವರೇ ಕೇಳಿದರು, ‘ಗದ್ದಾ ಎತ್ತಲೇನು?’ ಬೇಡ ಎಂದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಹೋಯಿತು, ಅದರ ಧೂಳು ಬಾಗಿಲ ಬೆಳಕಿನಲ್ಲಿ ನಿಧಾನ ಇಳಿಯುವವರೆಗೂ ಇಬ್ಬರೂ ಸುಮ್ಮನೆ ಕೂತೆವು. ಆಮೇಲೆ ಅವರು ನನ್ನ ಕಡೆ ನೋಡಿದರು.