ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು



ನಮ್ಮ ಬೇರಿಕೆಯ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು ಆಡುತ್ತಾ ಬೆಳೆಯುತ್ತಾರೆ. ಯುವಜನರ ಕೋಣೆಯಲ್ಲಿರುವುದು ಒಂದೇ ಕಂಪ್ಯೂಟರ್. ಕನ್ನಡ ಪೂಜೆಗೆ ಬರುವವರಿಗೂ ಅದೇ, ತಮಿಳು ಪೂಜೆಗೆ ಬರುವವರಿಗೂ ಅದೇ. ಮಕ್ಕಳು ಕೂರುವ ಜಾಗವಾದ್ದರಿಂದ ಜೂಜಿನ ಆಟ, ಅಶ್ಲೀಲ ಚಿತ್ರಗಳ ತಾಣಗಳು ತೆರೆಯದಂತೆ ನಾವೇ ತಡೆ ಹಾಕಿದ್ದೆವು.

ಒಂದು ಭಾನುವಾರ ನೋಡಿದರೆ ತಡೆಯೇ ಇಲ್ಲ! ಎಲ್ಲವೂ ತೆರೆಯುತ್ತಿದೆ. ನಮ್ಮ ಕಣ್ಣು ನೇರವಾಗಿ ಹೋದದ್ದು ತಮಿಳು ಪೂಜೆಗೆ ಬರುವ ಹತ್ತನೇ ತರಗತಿಯ ಒಬ್ಬ ಹುಡುಗನ ಮೇಲೆ. ಕಂಪ್ಯೂಟರಿನಲ್ಲಿ ಅವನ ಕೈ ಚುರುಕು, ಹಿಂದಿನ ದಿನ ಕೊನೆಗೆ ಕೂತಿದ್ದವನೂ ಅವನೇ. ಇಷ್ಟೇ ನಮ್ಮ ಸಾಕ್ಷಿ. ಎಲ್ಲರ ಮುಂದೆಯೇ ಕೇಳಿಬಿಟ್ಟೆವು. "ನಾನಲ್ಲ ಅಣ್ಣಾ" ಎಂದ. ನಾವು ನಂಬಲಿಲ್ಲ. ಮುಂದಿನ ಎರಡು ಭಾನುವಾರ ಅವನು ಪೀಠಸೇವೆಗೂ ಬರಲಿಲ್ಲ.

ತಡೆಯನ್ನು ಮತ್ತೆ ಹಾಕಲು ಕೂತಾಗ ಸತ್ಯ ಒಂದೊಂದಾಗಿ ಹೊರಬಂತು. ವಿಂಡೋಸ್ ಕಂಪ್ಯೂಟರಿನಲ್ಲಿ 'ಹೋಸ್ಟ್ಸ್' ಎಂಬ ಚಿಕ್ಕ ಕಡತವಿದೆ. ಒಂದು ತಾಣದ ವಿಳಾಸವನ್ನು ಹೊರಗೆ ಹುಡುಕುವ ಮುಂಚೆ ಕಂಪ್ಯೂಟರ್ ಮೊದಲು ಆ ಕಡತ ನೋಡುತ್ತದೆ. ತಾಣದ ಹೆಸರಿನ ಮುಂದೆ 127.0.0.1 ಎಂದು ಬರೆದಿದ್ದರೆ ಕರೆ ಹೊರಗೆ ಹೋಗದೆ ಅದೇ ಯಂತ್ರಕ್ಕೆ ಹಿಂತಿರುಗುತ್ತದೆ. ತಾಣ ತೆರೆಯುವುದಿಲ್ಲ. ನಾವು ಹಾಕಿದ್ದ ತಡೆ ಇದೇ.

ಆ ಕಡತವನ್ನು ತಿದ್ದಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಮಕ್ಕಳು ಬಳಸುವ ಖಾತೆಗೆ ಆ ಅಧಿಕಾರ ಕೊಟ್ಟಿರಲಿಲ್ಲ. ಕಡತ ಕೊನೆಯದಾಗಿ ಬದಲಾದದ್ದು ಶುಕ್ರವಾರ ರಾತ್ರಿ ಎಂದು ಕಡತವೇ ಹೇಳುತ್ತಿತ್ತು. ಆ ರಾತ್ರಿ ಕೋಣೆಯಲ್ಲಿದ್ದವರು ನಾವು ಮಾತ್ರ. ವೈರಸ್ ತಡೆಯುವ ತಂತ್ರಾಂಶದ ಹಳೆಯ ದಾಖಲೆ ತೆರೆದಾಗ ಉಳಿದದ್ದೂ ತಿಳಿಯಿತು. ಕಳ್ಳ ತಂತ್ರಾಂಶಗಳು ಇದೇ ಕಡತವನ್ನು ತಿದ್ದಿ ಜನರನ್ನು ನಕಲಿ ಬ್ಯಾಂಕ್ ತಾಣಗಳಿಗೆ ತಿರುಗಿಸುವುದುಂಟು. ಹಾಗಾಗಿ ಕಡತ ಬದಲಾಗಿರುವುದನ್ನು ಕಂಡು ಆ ತಂತ್ರಾಂಶ ಎಚ್ಚರಿಕೆ ಕೊಟ್ಟಿತ್ತು. ಮನೆಗೆ ಹೋಗುವ ಅವಸರದಲ್ಲಿ ಓದದೆಯೇ 'ಸರಿಪಡಿಸು' ಎಂದು ಒತ್ತಿದವರು ನಾವೇ. ನಮ್ಮ ಪಟ್ಟಿಯೆಲ್ಲ ಅಳಿಸಿಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಯ ಗೂಟ ಸಡಿಲಿಸಿದ್ದು ನಮ್ಮ ಕೈ.

ಬಿಎಸ್ಸಿ ಓದಿದ ನಮಗೆ ಇದನ್ನು ಹುಡುಕಲು ಅರ್ಧ ಗಂಟೆ ಸಾಕಾಯಿತು. ಆ ಅರ್ಧ ಗಂಟೆಯನ್ನು ಮೊದಲೇ ಏಕೆ ಕೊಡಲಿಲ್ಲ? ಕ್ಷಮೆ ಕೇಳಲು ಮನೆಗೆ ಹೋದಾಗ ಹುಡುಗ ಕೇಳಿದ್ದು ಒಂದೇ ಮಾತು: "ನಿಮ್ಮ ಗುಂಪಿನ ಹುಡುಗನಾಗಿದ್ದರೆ ಮೊದಲು ಕಂಪ್ಯೂಟರ್ ನೋಡ್ತಿದ್ರಿ ಅಲ್ವಾ ಅಣ್ಣಾ?" ನಮ್ಮಲ್ಲಿ ಉತ್ತರವಿರಲಿಲ್ಲ. ಈ ನಾಡಿನಲ್ಲಿ ಕನ್ನಡದವರು ಕಡಿಮೆ, ನಮ್ಮನ್ನು ಯಾರೂ ಗಮನಿಸುವುದಿಲ್ಲ ಎಂದು ನಾವು ಆಗಾಗ ನೊಂದುಕೊಳ್ಳುತ್ತೇವೆ. ಕೈಗೆ ಚಿಕ್ಕದೊಂದು ಅಧಿಕಾರ ಬಂದಾಗ ನಾವು ಮಾಡಿದ್ದೇನು?

ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು ನಂಬುವುದು, ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ನಂಬಿದರೂ, ಪಾಪವೇ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2477ನೇ ಪರಿಚ್ಛೇದದಲ್ಲಿ ಕಲಿಸುತ್ತದೆ. ಎಂಟನೆಯ ಕಟ್ಟಳೆ ಎಂದರೆ ನ್ಯಾಯಾಲಯದ ಸುಳ್ಳುಸಾಕ್ಷಿ ಮಾತ್ರ ಎಂದುಕೊಂಡಿದ್ದೆವು. ಅದು ನಮ್ಮ ಯುವಜನರ ಕೋಣೆಗೂ ಬರುತ್ತದೆ.

ಹಾಗಾದರೆ ತಡೆ ಬೇಡವೇ? ಬೇಕು. ಟೊಮೆಟೊ ತೋಟಕ್ಕೆ ಬೇಲಿ ಹಾಕುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬೇಲಿ ಬೆಳೆ ಬೆಳೆಯುವುದಿಲ್ಲ. ಮನುಷ್ಯನನ್ನು ಕೆಡಿಸುವುದು ಅವನ ಹೃದಯದಿಂದ ಹೊರಡುವುದೇ ಎಂದು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ತಿಳಿಸುತ್ತಾರೆ. ನಮ್ಮ ಪಟ್ಟಿ ಕೆಟ್ಟ ತಾಣಗಳನ್ನು ತಡೆಯಿತು. ನಮ್ಮೊಳಗಿನ ಸಂಶಯವನ್ನು ತಡೆಯಲಿಲ್ಲ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಸಂತ ಪದವಿಗೇರಿಸಿದ ಕಾರ್ಲೊ ಅಕ್ಯುಟಿಸ್ ಬದುಕಿದ್ದು 15 ವರ್ಷ ಮಾತ್ರ. ಕಂಪ್ಯೂಟರನ್ನು ತುಂಬಾ ಪ್ರೀತಿಸಿದ ಆ ಹುಡುಗ ವಿಡಿಯೊ ಆಟಕ್ಕೆ ತಾನೇ ಮಿತಿ ಹಾಕಿಕೊಂಡಿದ್ದ. ಮಕ್ಕಳಿಗೆ ನಾವು ಕಲಿಸಬೇಕಾದದ್ದು ಆ ಒಳಗಿನ ಬೇಲಿಯನ್ನು. ನಂಬಿಕೆ ತೋರಿಸದೆ ಅದನ್ನು ಕಲಿಸಲು ಆಗದು.

ಎಲ್ಲರ ಮುಂದೆ ಆರೋಪಿಸಿದ್ದೆವು. ಆದ್ದರಿಂದ ಎಲ್ಲರ ಮುಂದೆಯೇ, ಪೂಜೆಯ ನಂತರ, ಕನ್ನಡದಲ್ಲೂ ತಮಿಳಿನಲ್ಲೂ ಕ್ಷಮೆ ಕೇಳಿದೆವು. ಅವನು ಪೀಠಸೇವೆಗೆ ಮರಳಿದ್ದಾನೆ. ನಮ್ಮೊಂದಿಗೆ ಮೊದಲಿನಷ್ಟು ಮಾತಾಡುವುದಿಲ್ಲ. ಅದು ನಾವು ಹೊರಬೇಕಾದ ಭಾರ.

ಮನೆಯಲ್ಲಿ ಫೋನಿನದ್ದೋ ಕಂಪ್ಯೂಟರಿನದ್ದೋ ತಡೆ ಹೋಗಿದೆ ಎಂದು ಕಂಡರೆ, ತಂದೆತಾಯಿಗಳೇ, ಮೊದಲು ಮೂರು ವಿಷಯ ನೋಡಿ: ಬದಲಾಯಿಸುವ ಅಧಿಕಾರ ಯಾರಿಗಿದೆ, ಬದಲಾದದ್ದು ಯಾವಾಗ, ಆಗ ಯಾವ ತಂತ್ರಾಂಶ ಏನು ಮಾಡಿತು. ಮಗುವನ್ನು ಕೇಳುವುದು ಆಮೇಲೆ. ಆಗಲೂ ಒಬ್ಬರೇ ಕೂತು, ಮೆಲ್ಲಗೆ.