ಬೀಜದೊಳಗಿನ ರೋಗವೂ ಬಿಸಿನೀರಿನ ಸ್ನಾನವೂ

(ಓದತಕ್ಕ ಭಾಗ: ಮತ್ತಾಯ 13ನೆಯ ಅಧ್ಯಾಯ, 24ರಿಂದ 30ರ ವರೆಗಿನ ವಚನಗಳು)



ಹೊಲದಲ್ಲಿ ಒಳ್ಳೇ ಬೀಜವನ್ನು ಬಿತ್ತಿದ ಯಜಮಾನನ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿ ಹಾನಿಯು ಹೊರಗಿನಿಂದ ಬಂತು; ವೈರಿಯು ರಾತ್ರಿಯಲ್ಲಿ ಬಂದು ಕಳೆಯನ್ನು ಬಿತ್ತಿಹೋದನು. ಆದರೆ ಒಕ್ಕಲುಮಕ್ಕಳಿಗೆ ಇನ್ನೊಂದು ಹಾನಿಯು ಗೊತ್ತುಂಟು. ಅದು ಬೇಲಿ ಹಾರಿ ಬರುವದಿಲ್ಲ. ನಾವೇ ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗಿ ನಮ್ಮ ಕೈಯಿಂದಲೇ ಬಿತ್ತುತ್ತೇವೆ. ಅದು ಬೀಜದೊಳಗೆ ಅಡಗಿರುವ ರೋಗವು.

ಹೊಳಲ್ಕೆರೆ ಸೀಮೆಯ ತಾಳ್ಯದಂಥ ಊರಿನಲ್ಲಿ ಮಳೆಯನ್ನು ನಂಬಿ ಬಿತ್ತುವವನಿಗೆ ಬೀಜವು ಕೆಟ್ಟರೆ ವರುಷವೇ ಕೆಟ್ಟಂತೆ. ಆದುದರಿಂದ ಈ ವಿಷಯವು ಸಣ್ಣದಲ್ಲ.

ಗೋಧಿಯ ಕಾಡಿಗೆ ರೋಗವನ್ನು ನೋಡಿರಿ. ಅದರ ಕರೀ ಧೂಳು ಗಾಳಿಯಲ್ಲಿ ಹಾರಿ, ಹೂಬಿಟ್ಟ ತೆನೆಯ ಮೇಲೆ ಬಿದ್ದು, ಬಲಿಯುತ್ತಿರುವ ಕಾಳಿನ ಮೊಳಕೆಯೊಳಗೆ ಸೇರಿ ಮಲಗುತ್ತದೆ. ಕಾಳು ಹೊರಗೆ ದುಂಡಾಗಿ ಹೊಳೆಯುತ್ತದೆ. ಕೇರಿದರೂ ತೊಳೆದರೂ ಗುರುತು ಸಿಕ್ಕುವದಿಲ್ಲ. ಮುಂದಿನ ಬೆಳೆಯಲ್ಲಿ ತೆನೆ ಹೊರಡುವಾಗ ಕಾಳಿನ ಸ್ಥಳದಲ್ಲಿ ಮಸಿಯೇ ಇರುತ್ತದೆ. ಹೊರಗೆ ಬಳಿದ ಔಷಧವು ಒಳಗಿನದನ್ನು ಮುಟ್ಟದಿದ್ದ ಕಾಲದಲ್ಲಿ, ಅಂದರೆ 1880ರ ದಶಕದಲ್ಲಿ, ಡೆನ್ಮಾರ್ಕ್ ದೇಶದ ಯೆನ್ಸನ್ ಎಂಬವರು ಬಿಸಿನೀರಿನ ಉಪಾಯವನ್ನು ತೋರಿಸಿದರು. ಕಾಳನ್ನು ಮೊದಲು ತಣ್ಣೀರಿನಲ್ಲಿ ನೆನೆಯಿಸಿದರೆ ಮಲಗಿದ್ದ ರೋಗವು ಎಚ್ಚರಗೊಂಡು ಬಲಹೀನವಾಗುತ್ತದೆ; ಆಗ ತಕ್ಕಷ್ಟು ಬಿಸಿಯು ರೋಗವನ್ನು ಕೊಂದು ಮೊಳಕೆಯನ್ನು ಉಳಿಸುತ್ತದೆ. ನಮ್ಮ ದೇಶದಲ್ಲಿಯೂ 1930ರ ದಶಕದಲ್ಲಿ ಪಂಜಾಬಿನ ಲೂಥ್ರಾ ಎಂಬ ಪಂಡಿತರು ಇದೇ ತತ್ವವನ್ನು ಒಲೆಯಿಲ್ಲದೆ ನಡಿಸಿದರು: ಕಡುಬೇಸಗೆಯಲ್ಲಿ ಮುಂಜಾನೆ ನಾಲ್ಕು ಗಂಟೆ ಗೋಧಿಯನ್ನು ನೆನೆಯಿಸಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ತೆಳ್ಳಗೆ ಹರವಿ ಒಣಗಿಸುವದು.

ತರಕಾರಿ ಬೀಜಕ್ಕೂ ಈ ಸ್ನಾನವು ಸಲ್ಲುತ್ತದೆ. ಟೊಮೇಟೊ ಮತ್ತು ಎಲೆಕೋಸಿನ ಬೀಜಕ್ಕೆ 50 ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ 25 ನಿಮಿಷ. ಮೆಣಸಿನಕಾಯಿಯ ಬೀಜಕ್ಕೆ 51ರಿಂದ 52 ಡಿಗ್ರಿಯಲ್ಲಿ 30 ನಿಮಿಷ. ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಬಳಿಕ ಬಿಸಿನೀರಿನಲ್ಲಿ ಮುಳುಗಿಸಿ, ನೀರನ್ನು ಕಲಕುತ್ತಾ ಇರತಕ್ಕದ್ದು. ಹೊತ್ತು ಮುಗಿದ ಕೂಡಲೇ ತಣ್ಣೀರಿನಲ್ಲಿ ಅದ್ದಿ, ನೆರಳಿನಲ್ಲಿ ಹರವಿ ಆರಿಸಬೇಕು. ಕೈಯಿಂದ ಮುಟ್ಟಿ ಅಂದಾಜು ಮಾಡುವವನು ಮೋಸಹೋಗುವನು; ಉಷ್ಣಮಾಪಕವೇ ಬೇಕು. ಬಿಸಿ ಕಡಿಮೆಯಾದರೆ ರೋಗವು ಉಳಿಯುವದು. ಹೆಚ್ಚಾದರೆ ಬೀಜವೇ ಸಾಯುವದು. ಹಳೇ ಬೀಜವು ಬೇಗನೆ ಸಾಯುತ್ತದೆ. ಅವರೆ, ಹುರುಳಿಕಾಯಿ, ಬಟಾಣಿಗಳಿಗೆ ಈ ಸ್ನಾನವು ಕೇಡು. ಮೊದಲು ಒಂದು ಹಿಡಿಯನ್ನು ಮಾತ್ರ ಮಾಡಿ, ಮೊಳಕೆ ಬರುವದೋ ಎಂದು ನೋಡಿರಿ. ಎಲ್ಲಾ ರೋಗಕ್ಕೂ ಇದು ಮದ್ದಲ್ಲ. ಮೆಣಸಿನ ಗಿಡದ ಎಲೆ ಮುಟುರನ್ನು ಹುಳುಗಳು ತರುತ್ತವೆ. ಅಡಿಕೆಯ ಕೊಳೆರೋಗವು ಮಳೆಗಾಲದಲ್ಲಿ ಗೊನೆಗೆ ತಗಲುತ್ತದೆ. ಅವಕ್ಕೆ ಬೇರೆ ಉಪಾಯವುಂಟು.

ಪ್ರಿಯರೇ, ಇಲ್ಲಿ ನಮ್ಮ ಮನೆಗೂ ಸಭೆಗೂ ಒಂದು ಪಾಠವುಂಟು. ತಪ್ಪಿದ ಮಗನನ್ನೋ ಎಡವಿದ ಸಹೋದರನನ್ನೋ ತಿದ್ದುವಾಗ ನಾವು ಎಷ್ಟು ಸಾರಿ ಕುದಿಯುವ ನೀರನ್ನು ಸುರಿದಿದ್ದೇವೆ! ಹತ್ತು ಜನರ ಮುಂದೆ ಆಡಿದ ಒಂದು ಮಾತಿನಿಂದ ತಪ್ಪೂ ಸತ್ತಿತು, ತಪ್ಪಿದವನ ನಂಬಿಕೆಯೂ ಸತ್ತಿತು. ಬೇರೆ ಕೆಲವರು ಪ್ರೀತಿಯೆಂಬ ಹೆಸರಿನಿಂದ ಉಗುರುಬೆಚ್ಚಗಿನ ಮಾತನ್ನೇ ಆಡುತ್ತಾರೆ. ರೋಗವು ಹಾಗೆಯೇ ಉಳಿದು ಮುಂದಿನ ತಲೆಯಲ್ಲಿ ಮಸಿಯಾಗಿ ಹೊರಡುತ್ತದೆ. ತಿದ್ದುವವನು ಮೊದಲು ತಿಳಿಯತಕ್ಕದ್ದು ಅಳತೆಯನ್ನು. ತಿದ್ದಿದ ತರುವಾಯ ತಣ್ಣೀರೂ ನೆರಳೂ ಬೇಕು. ಬುದ್ಧಿ ಹೇಳಿದ ದಿವಸವೇ ಅವನನ್ನು ಊಟಕ್ಕೆ ಕರೆಯಿರಿ.

ಇನ್ನೊಂದು ಎಚ್ಚರಿಕೆ. ಬೆಳೆ ಹೋಗಿ ಅಳುವವನ ಬಾಗಿಲಲ್ಲಿ ನಿಂತು, ಇದು ನಿನ್ನನ್ನು ಶುದ್ಧಮಾಡಲು ದೇವರು ಕಾಯಿಸಿದ ನೀರು ಎಂದು ಹೇಳಬೇಡಿರಿ. ದೇವರ ಅಳತೆಯು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವದು ನಿಮ್ಮ ಕಣಜದ ಬೀಜವೇ. ಅದರಲ್ಲಿ ಒಂದು ಸೇರನ್ನು ಅವನಿಗೆ ಅಳೆದುಕೊಡಿರಿ. ಆದರೆ ರೋಗದ ಗಿಡದಿಂದ ತೆಗೆದದ್ದನ್ನು ಕೊಡಬೇಡಿರಿ. ನೆರೆಯವನಿಗೆ ಕೊಡುವ ಬೀಜವು ನಾವು ಬಿತ್ತುವ ಬೀಜದಷ್ಟೇ ಒಳ್ಳೇದಾಗಿರಲಿ. ನೆರೆಯವನನ್ನು ತನ್ನಂತೆಯೇ ಪ್ರೀತಿಸುವದೆಂದರೆ ಹೊಲದಲ್ಲಿ ಇದೇ.

ಹೃದಯದ ಒಳಗನ್ನು ಕಾಣುವ ಕರ್ತನು ನಮ್ಮಲ್ಲಿ ಅಡಗಿರುವ ಕೇಡನ್ನು ತೆಗೆದು, ಜೀವದ ಮೊಳಕೆಯನ್ನು ಕಾಪಾಡಲಿ. ಆಮೆನ್.